ಸ್ಕ್ಯಾನಿನಲ್ಲಿ ಕಂಡ ಕಪ್ಪು ಅಂಚು

“ಸುತ್ತಲಿನ ಈ ಕಪ್ಪು ಅಂಚು ಕಾಣುತ್ತಿದೆಯೇ? ಹಿಂದೆ ಎಂದೋ ಸೋರಿದ ರಕ್ತದ ಕಬ್ಬಿಣದ ಕಲೆ ಇದು. ಗಡ್ಡೆಯೊಳಗೆ ರಕ್ತ ಸೋರಿದ್ದರೆ ಅಂಚು ಹೀಗೆ ಪೂರ್ತಿಯಾಗಿರುವುದು ಕಡಿಮೆ.”

ಮಂಗಳವಾರ ನರಶಸ್ತ್ರಚಿಕಿತ್ಸಕಿ ಭಾವನ ಮೆದುಳಿನ ಎಂಆರ್‌ಐ ಚಿತ್ರದ ಮೇಲೆ ಪೆನ್ನಿಟ್ಟು ಹೇಳಿದ ಈ ಮಾತು ಇನ್ನೂ ಕಿವಿಯಲ್ಲಿದೆ. ಭಾವನಿಗೆ ಫಿಟ್ಸ್ ಬಂದಾಗ ನಮ್ಮೂರ ಕಡೆಯ ಸಿಟಿ ಸ್ಕ್ಯಾನ್ ವರದಿ ‘ಗಡ್ಡೆಯ ಶಂಕೆ’ ಎಂದಿತ್ತು. ದೊಡ್ಡಮಾವ ಆಗಲೇ ತೋಟದ ಪಹಣಿ ಹುಡುಕಲು ಶುರುಮಾಡಿದ್ದರು. ಸಂಕಟ ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು. ವರದಿ ಬರೆದವರನ್ನು ನಾನು ದೂರುವುದಿಲ್ಲ: ಸಿಟಿಯಲ್ಲಿ ಹೊಸ ರಕ್ತವೂ ಬೆಳ್ಳಗೆ, ಗಡ್ಡೆಯೊಳಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದೂ ಬೆಳ್ಳಗೆ.

ಇದು ಕ್ಯಾವರ್ನೋಮಾ. ತೆಳುಗೋಡೆಯ ಪುಟ್ಟ ರಕ್ತನಾಳಗಳು ಒತ್ತೊತ್ತಾಗಿ ಸೇರಿದ ಗೊಂಚಲು. “ಚಿತ್ರದಲ್ಲಿ ಹಿಪ್ಪುನೇರಳೆ ಹಣ್ಣಿನಂತೆ ಕಾಣುತ್ತದೆ” ಎಂದರು ವೈದ್ಯೆ. ಶಿಡ್ಲಘಟ್ಟದ ಕಡೆ ಬದುಕಿಡೀ ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ಭಾವ ಫಿಟ್ಸ್ ಬಂದ ಮೇಲೆ ಮೊದಲ ಬಾರಿಗೆ ನಕ್ಕರು.

ದೊಡ್ಡಮಾವ ನಗಲಿಲ್ಲ. “ರಕ್ತನಾಳದ ದೋಷವಾದರೆ ಆಂಜಿಯೋಗ್ರಾಮ್‌ನಲ್ಲಿ ಕಾಣಬೇಡವೇ?” ಎಂದು ಪಟ್ಟು ಹಿಡಿದರು. ಪ್ರಶ್ನೆ ಒಳ್ಳೆಯದೇ, ಕೇಳಿದ ಧಾಟಿ ಮಾತ್ರ ಜಗಳದ್ದು. ಆ ಗೊಂಚಲಿನೊಳಗೆ ರಕ್ತ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಅದಕ್ಕೇ ಆಂಜಿಯೋಗ್ರಾಮ್‌ಗೆ ಸಿಗುವುದಿಲ್ಲ ಎಂದು ಆಕೆ ಸಮಾಧಾನದಿಂದ ವಿವರಿಸಿದರು. ಇನ್ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದಂತೆ, ಹಲವರಿಗೆ ಗೊತ್ತೇ ಆಗುವುದಿಲ್ಲವಂತೆ.

ಆದರೂ ಮೂರು ತಿಂಗಳ ಬಳಿಕ ಮತ್ತೆ ಎಂಆರ್‌ಐ ಮಾಡಬೇಕು. ಬೇರೆ ಅಂಗದ ಕ್ಯಾನ್ಸರ್ ಮೆದುಳಿಗೆ ಹರಡಿ ರಕ್ತ ಸೋರಿದರೂ ಮೊದಲ ನೋಟಕ್ಕೆ ಹೀಗೆಯೇ ಕಾಣಬಹುದು; ಅಂಥದ್ದಾದರೆ ಸುತ್ತಲಿನ ಬಾವು ಇಳಿಯದೆ ಉಳಿಯುತ್ತದೆ, ಗಾತ್ರವೂ ಬೆಳೆಯುತ್ತದೆ. ಕಾಯುವುದೂ ಪರೀಕ್ಷೆಯ ಭಾಗವೇ. ಇದನ್ನು ಮನೆಯಲ್ಲಿ ಒಪ್ಪಿಸುವುದೇ ಕಷ್ಟವಾಗಿದೆ. “ಆಪರೇಷನ್ ಬೇಡವೆಂದರೆ ಕೈಬಿಟ್ಟರು ಎಂದೇ ಅರ್ಥ” ಎನ್ನುತ್ತಾರೆ ದೊಡ್ಡಮಾವ. ಕತ್ತಿ ಹಿಡಿದವರನ್ನು ನಂಬುವಷ್ಟು ಸುಲಭವಾಗಿ ಕತ್ತಿ ಕೆಳಗಿಟ್ಟವರನ್ನು ನಾವು ನಂಬುವುದಿಲ್ಲ. ಔಷಧ ಬರೆಯದ ವೈದ್ಯರ ಬಗ್ಗೆಯೂ ಊರಿನಲ್ಲಿ ಇದೇ ಅಸಮಾಧಾನ.

ಅಕ್ಕನ ಚಿಂತೆ ಬೇರೆ. ಅಂಚಿನ ಕಲೆ ಹಳೆಯದಾದರೆ ರಕ್ತ ಸೋರಿದ್ದು ಯಾವಾಗ? ಯಾವ ತಲೆನೋವಿಗೆ ತಾನು ಅಮೃತಾಂಜನ ಹಚ್ಚಿ ಮಲಗಿಸಿದ್ದು? ಭಾವನಿಗೆ ಇವೆಲ್ಲ ಬೇಡ. ಫಿಟ್ಸ್ ಮಾತ್ರೆ ತಪ್ಪದೆ ನುಂಗುತ್ತಾರೆ. ವೈದ್ಯೆ ಹೇಳುವವರೆಗೂ ಬೈಕ್ ಓಡಿಸಬಾರದು ಎಂಬುದಕ್ಕೆ ಮಾತ್ರ ಮುನಿಸು: ಗೂಡಿನ ಮಾರುಕಟ್ಟೆಗೆ ದೊಡ್ಡಮಾವನ ಹಿಂದೆ ಕುಳಿತು ಹೋಗಬೇಕಲ್ಲ ಎಂದು.