30×40 ಸೈಟಿನಲ್ಲಿ ತೊಟ್ಟಿ ಮನೆ: ಮೋಲ್ಡ್ ಹಂತ

ಗೋಡೆ ಲಿಂಟೆಲ್ ದಾಟಿ ಮೋಲ್ಡ್, ಅಂದರೆ ಛಾವಣಿ ಕಾಂಕ್ರೀಟಿನ ಮಟ್ಟಕ್ಕೆ ಬಂದಿದೆ. ಎಲಿವೇಷನ್ ಇನ್ನೂ ಬರೆದಿಲ್ಲ, ಬೇಕೆಂತಲೇ. ಮುಂಭಾಗದ ಚಿತ್ರಕ್ಕೆ ತಕ್ಕಂತೆ ಕೋಣೆ ಜೋಡಿಸುತ್ತಾ ಹೋದರೆ ಎಲ್ಲರ ಮನೆಯೂ ಒಂದೇ ಥರ. ಇಲ್ಲಿ ಮೊದಲು ಬಂದದ್ದು ಪಾಯದಿಂದ ತಾರಸಿವರೆಗೆ ಮನೆಯನ್ನು ಸೀಳಿ ತೋರಿಸುವ ಸೆಕ್ಷನ್ ನಕ್ಷೆ. ಗಾಳಿ, ಬೆಳಕು, ಮಳೆನೀರಿನ ದಾರಿ ಗೊತ್ತಾಗುವುದು ಅದರಲ್ಲೇ.

ಬೆಂಗಳೂರಿನ ಬಡಾವಣೆಯಲ್ಲಿ ಪಕ್ಕದ ಕಿಟಕಿಯಿಂದ ಬೆಳಕು ಬರುವ ಆಸೆ ಬಿಡಬೇಕು. ಹಾಗಾಗಿ ನಡುವೆ 6×8 ಅಡಿಯ ತೊಟ್ಟಿ, ಅಂದರೆ ಒಳಾಂಗಳ. ಅದರ ಮೇಲೆ ಗಾಜನ್ನು ಸಪಾಟಾಗಿ ಮುಚ್ಚಿದರೆ ಬೇಸಿಗೆಯಲ್ಲಿ ಬಿಸಿಗಾಳಿ ಅಲ್ಲೇ ಠಿಕಾಣಿ ಹೂಡುತ್ತದೆ. ಸುತ್ತ 9 ಇಂಚು ಕಟ್ಟೆ, ಮೇಲೆ 1 ಅಡಿ ಲೂವರ್ (ಗಾಳಿಯಾಡುವ ಓರೆಪಟ್ಟಿಗಳು), ಅದರ ಮೇಲೆ ಇಳಿಜಾರಾಗಿ ಲ್ಯಾಮಿನೇಟೆಡ್ ಗಾಜು. ಗಾಜಿನ ಅಂಚು ಒಂದಡಿ ಆಚೆ ಚಾಚದಿದ್ದರೆ ಲೂವರ್‌ನಿಂದ ಎರಚಲು ಖಂಡಿತ.

ಉಳಿದ ಭಾಗಕ್ಕೆ ಫಿಲ್ಲರ್ ಸ್ಲ್ಯಾಬ್, 5 ಇಂಚು ದಪ್ಪ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ಹೊರುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಹೆಚ್ಚಾಗಿ ಬರೀ ತೂಕ. ಅದರ ಜಾಗಕ್ಕೆ ಮಂಗಳೂರು ಹೆಂಚು, ಒಂದರ ಮೇಲೊಂದು ಜೋಡಿಯಾಗಿ. ಕಂಬಿಯ ಚೌಕವನ್ನು ಹೆಂಚಿನ ಅಳತೆಗೆ ಕಟ್ಟಬೇಕು, ಕಂಬಿ ಕಟ್ಟಿದ ಮೇಲೆ ಹೆಂಚು ತುರುಕುವುದಲ್ಲ. ಎರಡು ಹೆಂಚಿನ ನಡುವೆ ಕನಿಷ್ಠ 4 ಇಂಚು ಕಾಂಕ್ರೀಟ್, ಹೆಂಚಿನ ಮೇಲೆ 2 ಇಂಚು. ಗೋಡೆ, ಬೀಮ್‌ಗಳಿಂದ ಒಂದೂವರೆ ಅಡಿಯೊಳಗೆ ಹೆಂಚು ಬೇಡ, ಶಿಯರ್ (ಕತ್ತರಿಸುವ ಬಲ) ಹೆಚ್ಚಿರುವುದು ಅಲ್ಲೇ. ಬಾಲ್ಕನಿಯಂಥ ಚಾಚಿನಲ್ಲಿ ಎಳೆತ ಮೇಲ್ಭಾಗಕ್ಕೆ, ಒತ್ತಡ ಕೆಳಭಾಗಕ್ಕೆ. ಅಲ್ಲಿ ಪೂರ್ತಿ ಕಾಂಕ್ರೀಟೇ. ಕಂಬಿಯ ಲೆಕ್ಕ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರರದ್ದು, ಮೇಸ್ತ್ರಿಯ ಅಂದಾಜಿಗೆ ಬಿಡುವಂಥದ್ದಲ್ಲ.

ಹೆಚ್ಚು ಕೆಡುವುದು ಕಾಂಕ್ರೀಟ್ ಸುರಿಯುವ ದಿನ. ಒಣ ಹೆಂಚು ಕಾಂಕ್ರೀಟಿನ ನೀರು ಹೀರುತ್ತದೆ, ಸುತ್ತ ಕೂದಲು ಬಿರುಕು ಬರುತ್ತದೆ. ಹಿಂದಿನ ರಾತ್ರಿಯೇ ನೆನೆಹಾಕಿ. ಜೋಡಿ ಹೆಂಚುಗಳ ಸಂದಿಗೆ ಗಟ್ಟಿ ಸಿಮೆಂಟ್ ಗಾರೆ ಮೆತ್ತದಿದ್ದರೆ ಸಿಮೆಂಟ್ ಹಾಲು ಒಳಗೆ ಇಳಿದು, ನಡುವಿನ ಗಾಳಿಪದರವೇ ಇಲ್ಲದಂತಾಗುತ್ತದೆ. ವೈಬ್ರೇಟರ್ ಸೂಜಿ 25 ಮಿ.ಮೀ.ದೇ ಇರಲಿ, ಹೆಂಚಿಗೆ ತಾಗದಿರಲಿ. ತಾಗಿದರೆ ಸಾಲು ಸರಿಯುತ್ತದೆ, ಸೆಂಟ್ರಿಂಗ್ ಬಿಚ್ಚಿದಾಗ ಸೊಟ್ಟ ಕಾಣುತ್ತದೆ. ಪೈಪು, ಫ್ಯಾನ್ ಡಬ್ಬಿ ಎಲ್ಲವೂ ಹೆಂಚಿನ ನಡುವಿನ ಪಟ್ಟಿಗಳಲ್ಲೇ ಹೋಗಬೇಕು. ಎಲೆಕ್ಟ್ರಿಷಿಯನ್ ನಕ್ಷೆ ಅದಕ್ಕೇ ಮೊದಲೇ ಬೇಕು.

4.5 ಮೀಟರ್ ಒಳಗಿನ ಸ್ಪ್ಯಾನ್‌ಗೆ (ಆಧಾರಗಳ ನಡುವಿನ ಅಂತರ) ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 7 ದಿನಕ್ಕೆ ಸ್ಲ್ಯಾಬಿನ ಕೆಳಗಿನ ಊರುಗಂಬ ತೆಗೆಯಬಹುದು. ಇಲ್ಲಿ 14 ದಿನ ಬಿಡಲಾಗುತ್ತಿದೆ.

ಮುಂದಿನದು ತೊಟ್ಟಿಯ ನೆಲ. ಸುತ್ತಲಿನ ನೆಲಕ್ಕಿಂತ 6 ಇಂಚು ತಗ್ಗು, ಮೂಲೆಗೆ 1:100 ಇಳಿಜಾರು, 4 ಇಂಚಿನ ಪೈಪು. ವಾಟರ್‌ಪ್ರೂಫಿಂಗ್ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಕಲ್ಲು ಹಾಸುವುದು.