ಅತ್ತೂರಿನ ಸಾಲು, ಸಂತ ಲಾರೆನ್ಸರ ಸಾಲು

ಜನವರಿ ಕೊನೆಯಲ್ಲಿ ಕಾರ್ಕಳದ ಕಡೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಪುಣ್ಯ. ಅತ್ತೂರು ಜಾತ್ರೆಯ ದಿನಗಳವು. ನಮ್ಮ ಕಡೆ ಸಾಂತ್‌ಮಾರಿ ಅಂತಲೂ ಹೇಳುತ್ತಾರೆ. ಸಂತ ಲಾರೆನ್ಸರ ಬಸಿಲಿಕಕ್ಕೆ ಬರುವವರು ಕ್ರೈಸ್ತರಷ್ಟೇ ಅಲ್ಲ. ಹಣೆಗೆ ಕುಂಕುಮ ಇಟ್ಟವರು, ಮಲ್ಲಿಗೆ ಮುಡಿದವರು, ಟೋಪಿ ಹಾಕಿದವರು, ಎಲ್ಲರೂ ಬರುತ್ತಾರೆ. ಮೇಣದಬತ್ತಿ ಹಚ್ಚುತ್ತಾರೆ. ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ಹಿಡಿದುಕೊಳ್ಳುತ್ತಾರೆ. ಹೊತ್ತ ಹರಕೆ ಒಪ್ಪಿಸುತ್ತಾರೆ.

ಈ ಇಗರ್ಜಿಗೆ, ಅಂದರೆ ಚರ್ಚಿಗೆ, ಬಸಿಲಿಕ ಎಂಬ ಪದವಿ ಸಿಕ್ಕಿದ್ದು 2016ರಲ್ಲಿ. ಆದರೆ ಜನರ ನಂಬಿಕೆ ಅದಕ್ಕಿಂತ ಎಷ್ಟೋ ಹಳೆಯದು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಎಷ್ಟೋ ಇಗರ್ಜಿಗಳು ನೆಲಸಮವಾದವು. ಬದುಕಿ ವಾಪಸ್ ಬಂದವರು ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆ ಹೊತ್ತುಕೊಂಡು, ಹೊಸ ಇಗರ್ಜಿ ಕಟ್ಟಲು ಜಾಗ ಹುಡುಕುತ್ತಾ ನಡೆದರಂತೆ. ನೀರಿನ ಒರತೆ ಕಂಡಲ್ಲಿ ಪ್ರತಿಮೆ ಇಳಿಸಿ ದಣಿವಾರಿಸಿಕೊಂಡರಂತೆ. ಮತ್ತೆ ಎತ್ತಲು ಹೋದರೆ ಪ್ರತಿಮೆ ಅಲುಗಲಿಲ್ಲ. ಸಂತರು ಇಲ್ಲೇ ಇರಲು ಇಷ್ಟಪಟ್ಟಿದ್ದಾರೆ ಅಂತ ಜನ ಅಲ್ಲೇ ಗುಡಿ ಕಟ್ಟಿದರು. ಮನೆಮನೆಯಲ್ಲಿ ಅಜ್ಜಿಯರು ಹೇಳಿಕೊಂಡು ಬಂದ ಕಥೆ ಇದು.

ಈ ಸಂತ ಲಾರೆನ್ಸರ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಅವರ ಸಾವು. ಕ್ರಿ.ಶ. 258, ಆಗಸ್ಟ್ 10. ರೋಮಿನಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆ. ಕೆಂಡದ ಮೇಲೆ ಕಬ್ಬಿಣದ ಜಾಲರಿ ಇಟ್ಟು ಸುಟ್ಟರು ಅನ್ನುವುದು ಪರಂಪರೆ. ಪಟಗಳಲ್ಲಿ ಅವರ ಪಕ್ಕ ಆ ಜಾಲರಿಯನ್ನೂ ಬರೆದಿರುತ್ತಾರೆ. ನನ್ನ ಮನಸ್ಸು ಮಾತ್ರ ಆ ಕೊನೆಯ ದಿನಕ್ಕಿಂತ ಜಾಸ್ತಿ ಅದರ ಹಿಂದಿನ ದಿನಗಳ ಕಡೆಗೇ ಹೋಗುತ್ತದೆ.

ಲಾರೆನ್ಸರು ಡೀಕನ್ ಆಗಿದ್ದರು. ಡೀಕನ್ ಅಂದರೆ ಏನು ಕೆಲಸ? ಬೈಬಲಿನ ಪ್ರೇಷಿತರ ಕಾರ್ಯಗಳು ಪುಸ್ತಕದ 6ನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನ ಮೊದಲ ಸಭೆಯಲ್ಲಿ, ಅಂದರೆ ಕ್ರೈಸ್ತ ಸಮುದಾಯದಲ್ಲಿ, ಒಂದು ಗೊಣಗಾಟ ಶುರುವಾಯಿತು. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಒಂದು ಗುಂಪಿನವರ ದೂರು. ಆಗ ಒಳ್ಳೆಯ ಹೆಸರಿರುವ ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ಪಂಕ್ತಿಯಲ್ಲಿ ಯಾರಿಗೂ ತಪ್ಪದ ಹಾಗೆ ಬಡಿಸುವುದು, ಅಷ್ಟೇ. ಡೀಕನ್ ಪದವಿಯ ಬೇರು ಅಲ್ಲಿದೆ.

ರೋಮಿನಲ್ಲೂ ಏಳೇ ಡೀಕನರು. ಪೋಪ್ ಕೊರ್ನೇಲಿಯುಸರು 251ರ ಹೊತ್ತಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ರೋಮಿನ ಸಭೆಯಲ್ಲಿ 46 ಗುರುಗಳು, 7 ಡೀಕನರು, ಸಭೆಯನ್ನೇ ನಂಬಿಕೊಂಡಿದ್ದ 1500ಕ್ಕೂ ಹೆಚ್ಚು ವಿಧವೆಯರು ಮತ್ತು ದಿಕ್ಕಿಲ್ಲದವರು ಅಂತ ಅದರಲ್ಲಿ ಲೆಕ್ಕವಿದೆ. ಇದಾಗಿ ಏಳು ವರ್ಷಕ್ಕೆ ಲಾರೆನ್ಸರ ಸಾವು. ಅಂದರೆ ಅವರ ದಿನಚರಿ ಹೇಗಿತ್ತು ಅಂತ ಸುಮಾರಾಗಿ ಊಹಿಸಬಹುದು. ಕಾಳು ಅಳೆಯುವುದು, ಲೆಕ್ಕ ಬರೆಯುವುದು. ನಿನ್ನೆ ಬಂದವಳು ಇವತ್ತು ಯಾಕೆ ಬರಲಿಲ್ಲ ಅಂತ ವಿಚಾರಿಸುವುದು. ಜಗಳ ಬಿಡಿಸುವುದು. ಅವರ ಮುಂದೆ ದಿನವೂ ಒಂದು ಸಾಲು.

ಅವರ ಕಥೆಯಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸುವ ಭಾಗ ಈಗ ಬರುತ್ತದೆ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸರನ್ನು ಕೊಂದರು. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಅಂತ ರೋಮಿನ ಅಧಿಕಾರಿ ಲಾರೆನ್ಸರಿಗೆ ಆಜ್ಞೆ ಮಾಡಿದ. ಅವರು ಮೂರು ದಿನ ಸಮಯ ಕೇಳಿದರು. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿಬಿಟ್ಟರು. ಆಮೇಲೆ ಕುಂಟರು, ಕುರುಡರು, ವಿಧವೆಯರು, ಭಿಕ್ಷುಕರು, ಎಲ್ಲರನ್ನೂ ಕರೆದುಕೊಂಡು ಹೋಗಿ ಅಧಿಕಾರಿಯ ಮುಂದೆ ನಿಲ್ಲಿಸಿ, ಇವರೇ ಸಭೆಯ ಸಂಪತ್ತು ಅಂದರು. ಪರಂಪರೆ ಹೀಗೆ ಹೇಳುತ್ತದೆ.

ಈ ಮಾತನ್ನು ಇಗರ್ಜಿಯ ಉಪದೇಶಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಒಂದು ವಿಷಯ ಯೋಚಿಸಿ. ಆ ಜನ ಯಾಕೆ ಬಂದರು? ಊರಲ್ಲಿ ಕ್ರೈಸ್ತರನ್ನು ಹುಡುಕಿ ಕೊಲ್ಲುತ್ತಿದ್ದ ಹೊತ್ತು. ಅಧಿಕಾರಿಯ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು ಅಂದರೆ ಹುಲಿಯ ಬಾಯಿಗೆ ತಲೆ ಕೊಟ್ಟ ಹಾಗೆ. ಲಾರೆನ್ಸರ ಕೈಯಲ್ಲಿ ಕೊಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಕರೆದಾಗ ಬಂದರು. ಅವರ ಹೆಸರು ಗೊತ್ತಿದ್ದವನು ಕರೆದ ಅಂತ ಬಂದರು ಅನ್ನಿಸುತ್ತದೆ ನನಗೆ. ಸಾಲಿನ ಕೊನೆಯಲ್ಲಿದ್ದ ಮುದುಕಿಯ ಮೇಲೂ ರೇಗದೆ ಇದ್ದವನು ಕರೆದ ಅಂತ ಬಂದರು. ದಿನವೂ ಸಿಡುಕಿ ಬಡಿಸುವವನ ಹಿಂದೆ ಅಂಥ ಹೊತ್ತಲ್ಲಿ ಯಾರು ಹೋಗುತ್ತಾರೆ ಹೇಳಿ? ಆ ಮೂರು ದಿನದ ಸಾಕ್ಷಿ ತಯಾರಾದದ್ದು ಅದಕ್ಕೂ ಮೊದಲಿನ ನೂರಾರು ಸಾಮಾನ್ಯ ದಿನಗಳಲ್ಲಿ. ಯಾರೂ ನೋಡದ, ಯಾರೂ ಬರೆದಿಡದ ದಿನಗಳಲ್ಲಿ.

ಅತ್ತೂರಿನ ಸಾಲಿನಲ್ಲಿ ನಿಂತಾಗ ಇದೇ ನೆನಪಾಗುತ್ತದೆ. ಈಗ ಸಾಲಿನಲ್ಲಿ ನಿಂತಿರುವವರು ನಾವು. ಬಿಸಿಲು, ನೂಕು, ಅಳುವ ಮಕ್ಕಳು. ಸಂತರನ್ನು ನೋಡಲು ಹೊರಟವರ ನಡುವೆಯೇ ಮೊಣಕೈ ಕೆಲಸ ಮಾಡುತ್ತದೆ. ಹಿಂದಿನವರಿಗೆ ಕೇಳಿಸುವ ಹಾಗೆ ಜಪಸರ, ಮುಂದಿನವರಿಗೆ ಒಂದು ತಳ್ಳು. ಮೇಣದಬತ್ತಿ ಮಾರುವ ಹುಡುಗಿಯ ಹತ್ತಿರ ಹತ್ತು ರೂಪಾಯಿಗೆ ವಾದ. ಅಡ್ಡಾದಿಡ್ಡಿ ನಿಲ್ಲಿಸಿದ ಕಾರು, ಅದರ ಗಾಜಿನ ಮೇಲೆ ಬೈಬಲಿನ ವಚನ. ಬೇರೆಯವರನ್ನು ಕೆಳಗೆ ಮಾಡಲು ಇದನ್ನು ಬರೆಯುತ್ತಿಲ್ಲ. ನಮ್ಮ ಭಕ್ತಿಗೂ ನಮ್ಮ ನಡತೆಗೂ ನಡುವೆ ಎಲ್ಲಿ ಸಂದು ಬಿಟ್ಟಿದೆ ಅನ್ನುವುದು ಇಂಥ ಜಾಗದಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಹೇಳಿದೆ.

ಒಂದು ಸಲ ಮೇಣದಬತ್ತಿ ಹಚ್ಚುವ ಜಾಗದಲ್ಲಿ ಒಬ್ಬ ಸ್ವಯಂಸೇವಕ ಹುಡುಗ ನಿಂತಿದ್ದ. ಪಿಯುಸಿ ಓದುವ ವಯಸ್ಸು. ಜನ ಹಚ್ಚಿ ಹೋದ ಬತ್ತಿಗಳು ಅರ್ಧ ಉರಿಯುವಷ್ಟರಲ್ಲಿ ಮುಂದಿನವರಿಗೆ ಜಾಗ ಬೇಕಲ್ಲ. ಅವನ್ನು ತೆಗೆದು ತೆಗೆದು ಪಕ್ಕಕ್ಕೆ ಹಾಕುವುದು ಅವನ ಕೆಲಸ. ಶಾಖಕ್ಕೆ ಮುಖ ಕೆಂಪಾಗಿತ್ತು. ಒಬ್ಬರು ಅವನಿಗೆ ಜೋರು ಮಾಡಿದರು. ‘ನಾನು ಹರಕೆ ಹೊತ್ತು ತಂದದ್ದು, ಪೂರ್ತಿ ಉರಿಯಬೇಕು’ ಅಂದರು. ಹುಡುಗ ಮಾತಾಡಲಿಲ್ಲ. ಅವರ ಹಿಂದೆ ಒಬ್ಬರು ವಯಸ್ಸಾದ ಬಾಯಮ್ಮ ಇದ್ದರು, ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮಣಿಕಟ್ಟಿಗೆ ಜಪಸರ ಸುತ್ತಿಕೊಂಡಿದ್ದರು. ಅವರು ಬತ್ತಿ ಹಚ್ಚುವ ಮೊದಲು ಹುಡುಗನ ಕೈ ಹಿಡಿದು ನೋಡಿದರು. ಬೆರಳ ಸಂದಿಯಲ್ಲೆಲ್ಲ ಮೇಣ ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಅಷ್ಟಷ್ಟೇ ಎಬ್ಬಿಸಿ ತೆಗೆದರು. ‘ಊಟ ಆಯ್ತಾ ಮಗಾ?’ ಅಂತ ಕೇಳಿದರು. ಇಲ್ಲ ಅಂದ. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟು, ‘ನೀನು ತಿನ್ನು, ಅಲ್ಲಿ ತನಕ ನಾನು ನೋಡಿಕೊಳ್ಳುತ್ತೇನೆ’ ಅಂದರು. ಅವನು ಹಣ್ಣು ತಿಂದು ಮುಗಿಸುವ ತನಕ ಆ ಬಾಯಮ್ಮ ಬತ್ತಿಗಳನ್ನು ಸರಿಸುತ್ತಾ ನಿಂತರು. ಲಾರೆನ್ಸರ ಗುಡಿಯಲ್ಲಿ ಲಾರೆನ್ಸರ ಕೆಲಸ ಮಾಡಿದವರು ಅವರು.

ಇಂಥದ್ದನ್ನು ಜೀವನವಿಡೀ ಮಾಡಿದ ಇನ್ನೊಬ್ಬ ಸಂತರು ಫ್ರಾನ್ಸಿನ ಲಿಸಿಯು ಊರಿನ ತೆರೇಸ. 15ನೇ ವಯಸ್ಸಿಗೆ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಮಠದಿಂದ ಹೊರಗೆ ಹೋಗಿ ದೊಡ್ಡ ಕೆಲಸ ಏನೂ ಮಾಡಲಿಲ್ಲ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಪ್ರತಿ ಸಲ ಕೊಳಕು ನೀರನ್ನು ಇವರ ಮುಖಕ್ಕೇ ಹಾರಿಸುತ್ತಿದ್ದರಂತೆ. ಬೇಕೆಂದಲ್ಲ, ಗಮನವಿಲ್ಲದೆ. ಹಿಂದೆ ಸರಿದು ಮುಖ ಒರೆಸಿಕೊಂಡರೆ ಆಕೆಗೆ ಗೊತ್ತಾಗುತ್ತಿತ್ತು. ತೆರೇಸ ಹಾಗೆ ಮಾಡಲಿಲ್ಲ, ಸುಮ್ನೆ ನಿಂತರು. ಇನ್ನೊಬ್ಬ ವಯಸ್ಸಾದ ಸಿಸ್ಟರ್, ತುಂಬಾ ಕಿರಿಕಿರಿಯ ಸ್ವಭಾವ. ಅವರನ್ನು ದಿನವೂ ಊಟದ ಕೋಣೆಗೆ ನಡೆಸಿಕೊಂಡು ಹೋಗುತ್ತಿದ್ದರು. ಅವರಿಗೆ ರೊಟ್ಟಿ ಮುರಿದುಕೊಳ್ಳಲು ಕಷ್ಟ ಅನ್ನುವುದನ್ನು ಗಮನಿಸಿ, ಕೇಳುವ ಮೊದಲೇ ತುಂಡು ಮಾಡಿ ಕೊಟ್ಟು ನಕ್ಕು ಬರುತ್ತಿದ್ದರು. ಇದನ್ನೇ ಅವರು ಪುಟ್ಟ ದಾರಿ ಅಂದದ್ದು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಹುಡುಗಿಯನ್ನು ಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಮುಖ ಒರೆಸಿಕೊಳ್ಳದೆ ನಿಲ್ಲುವುದು ಎಷ್ಟು ಕಷ್ಟ ಅಲ್ವಾ? ಉಪವಾಸ ಮಾಡಬಹುದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಲವತ್ತು ದಿನ ಮಾಂಸ ಬಿಡಬಹುದು, ಎಷ್ಟೋ ಜನ ಬಿಡುತ್ತಾರೆ. ಮೀಟಿಂಗಿನಲ್ಲಿ ಒಬ್ಬರು ನಮ್ಮ ಮಾತು ತುಂಡರಿಸಿದಾಗ ಮುಖ ಗಂಟಿಕ್ಕದೆ ಇರುವುದು ಅದಕ್ಕಿಂತ ಕಷ್ಟ. ಬೆಳಿಗ್ಗೆ ವಾಟ್ಸಾಪಿನಲ್ಲಿ ವಚನ ಕಳಿಸಿದ ಬೆರಳು ಮಧ್ಯಾಹ್ನ ಬೇರೆ ಧರ್ಮದವರ ಬಗ್ಗೆ ಬಂದ ಕೆಟ್ಟ ಸುದ್ದಿಯನ್ನು ಮುಂದಕ್ಕೆ ತಳ್ಳದೆ ಇರುವುದೂ ಕಷ್ಟ. ಮನೆ ಕೆಲಸಕ್ಕೆ ಬರುವವಳಿಗೆ ಬೇರೆ ಲೋಟ ಇಡದೆ ಇರುವುದಂತೂ ಕೆಲವು ಮನೆಗಳಲ್ಲಿ ಇನ್ನೂ ಆಗಿಲ್ಲ. ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಮುಂದೆ ಕೆಂಪು ದೀಪ, ಸಿಂಕಿನ ಕೆಳಗೆ ಆ ಒಂದು ಲೋಟ.

ಬೈಬಲಿನಲ್ಲಿ ಯಾಕೋಬರ ಪತ್ರದ ಎರಡನೇ ಅಧ್ಯಾಯ ನಮ್ಮೂರಿಗೇ ಬರೆದ ಹಾಗಿದೆ. ಸಭೆಗೆ ಚಿನ್ನದ ಉಂಗುರ ಹಾಕಿದವನೊಬ್ಬ ಬರುತ್ತಾನೆ, ಕೊಳೆ ಬಟ್ಟೆಯ ಬಡವನೊಬ್ಬ ಬರುತ್ತಾನೆ. ಒಬ್ಬನಿಗೆ ಬನ್ನಿ ಇಲ್ಲಿ ಕೂತುಕೊಳ್ಳಿ ಅನ್ನುತ್ತೀರಿ, ಇನ್ನೊಬ್ಬನಿಗೆ ಅಲ್ಲಿ ನಿಲ್ಲು ಅನ್ನುತ್ತೀರಿ. ಇದು ಭೇದಭಾವ ಅಲ್ಲವೇ ಅಂತ ಕೇಳುತ್ತಾರೆ. ನಮ್ಮಲ್ಲಿ ಇದು ಇಗರ್ಜಿಯ ಬೆಂಚಿನಲ್ಲಿ ಕಾಣುವುದು ಕಡಿಮೆ. ಮದುವೆ ಮಾತುಕತೆಯ ಜಗುಲಿಯಲ್ಲಿ ಕಾಣುತ್ತದೆ. ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಿದವರು, ಮನೆಗೆ ಬಂದು ಅವರು ಯಾವ ಜಾತಿಯಿಂದ ಕ್ರೈಸ್ತರಾದವರು ಅಂತ ಮೆಲ್ಲಗೆ ವಿಚಾರಿಸುತ್ತಾರೆ. ಇದು ನನಗೆ ನೋವಿನ ವಿಷಯ. ಇದನ್ನು ಸಣ್ಣ ನಡತೆ ಅನ್ನಬೇಕೋ ದೊಡ್ಡದು ಅನ್ನಬೇಕೋ? ಕೇಳುವ ದನಿ ಮಾತ್ರ ಸಣ್ಣದು.

ನಮ್ಮ ಮಾವ್ಶಿ, ಅಂದರೆ ಅಮ್ಮನ ತಂಗಿ, ಅತ್ತೂರಿನಲ್ಲಿ ಒಂದು ವಿಚಿತ್ರ ಹರಕೆ ಹೊತ್ತರು. ಗಂಡನಿಗೆ ಕಾಯಿಲೆ ಜೋರಾಗಿತ್ತು. ಬೇರೆಯವರು ಆಳೆತ್ತರದ ಮೇಣದಬತ್ತಿ, ಬೆಳ್ಳಿಯ ಕೈಕಾಲು ಅಂತ ಏನೇನೋ ಹೇಳಿದರು. ಇವರು ಮಾತ್ರ, ಇನ್ನು ಮೇಲೆ ಮೀನಿನವಳ ಹತ್ತಿರ ಚೌಕಾಸಿ ಮಾಡುವುದಿಲ್ಲ ಅಂತ ಹರಕೆ ಹೊತ್ತರು. ‘ಮೀನ್ ಬೋಡಾ ಬಾಯಮ್ಮಾ’, ಮೀನು ಬೇಕಾ ಬಾಯಮ್ಮಾ, ಅಂತ ತಲೆಯ ಮೇಲೆ ಬುಟ್ಟಿ ಹೊತ್ತು ಗೇಟಿನ ಹತ್ತಿರ ಬರುವ ಮೊಗವೀರ ಹೆಂಗಸು ಆಕೆ. ಅವರಿಬ್ಬರ ಚೌಕಾಸಿ ಕೇರಿಗೆಲ್ಲ ಕೇಳಿಸುತ್ತಿತ್ತು. ಹರಕೆ ಹೊತ್ತ ಮೇಲೆ ಮಾವ್ಶಿ ಹೇಳಿದಷ್ಟು ಕೊಟ್ಟು ಬಂಗುಡೆ, ಬೂತಾಯಿ ತಗೊಳ್ಳತೊಡಗಿದರು. ಮೊದಲ ದಿನ ಆಕೆ ಗಾಬರಿಯಾಗಿ, ಬಾಯಮ್ಮನಿಗೆ ಹುಷಾರಿಲ್ಲವಾ ಅಂತ ಕೇಳಿದಳಂತೆ.

ಆ ಮಾವ ಉಳಿಯಲಿಲ್ಲ. ಮಾವ್ಶಿ ಆಮೇಲೂ ಚೌಕಾಸಿ ಮಾಡಲಿಲ್ಲ. ಪಕ್ಕದ ಮನೆಯವರು ಒಮ್ಮೆ ಕೇಳಿಯೇ ಬಿಟ್ಟರು, ‘ಹರಕೆ ಫಲಿಸಲಿಲ್ಲ, ಇನ್ನೂ ಯಾಕೆ?’ ಅಂತ. ಮಾವ್ಶಿ ಮೀನು ಹೆಚ್ಚುತ್ತಾ, ತಲೆ ಎತ್ತದೆ, ‘ಅದರಲ್ಲಿ ಅವಳ ತಪ್ಪೇನು?’ ಅಂದರು.

ಇದನ್ನು ಹೇಳುವಾಗ ಯೇಸುಸ್ವಾಮಿಯ ಒಂದು ಮಾತು ಬಿಡುವ ಹಾಗಿಲ್ಲ. ಮತ್ತಾಯರ ಶುಭಸಂದೇಶದ ಐದನೇ ಅಧ್ಯಾಯ. ಕಾಣಿಕೆ ತಗೊಂಡು ಪೀಠದ ತನಕ ಬಂದಿದ್ದೀಯ. ಅಲ್ಲಿ ನಿನ್ನ ಸೋದರನಿಗೆ ನಿನ್ನ ಮೇಲೆ ಬೇಸರವಿದೆ ಅಂತ ನೆನಪಾಯಿತು. ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಸರಿಮಾಡಿಕೋ, ಆಮೇಲೆ ಬಾ ಅನ್ನುತ್ತಾರೆ. ನಿನಗೆ ಅವನ ಮೇಲೆ ಕೋಪವಿದ್ದರೆ ಅಂತ ಹೇಳಿಲ್ಲ, ಅವನಿಗೆ ನಿನ್ನ ಮೇಲಿದ್ದರೆ ಅಂತ ಹೇಳಿದ್ದಾರೆ. ತಪ್ಪು ಯಾರದ್ದು ಅನ್ನುವ ವಿಚಾರಣೆಯೇ ಇಲ್ಲ. ದೇವರ ಕೆಲಸ ಕಾಯಬಹುದು, ಆ ಸೋದರ ಕಾಯಬಾರದು.

ಈ ಮಾತಿನಿಂದಲೇ ನಮ್ಮ ಮನೆಯಲ್ಲಿ ಅಪ್ಪ ಒಂದು ರೂಢಿ ಹಾಕಿದರು. ಅತ್ತೂರಿಗೆ ಹೊರಡುವ ಹಿಂದಿನ ದಿನ ಕೊಡಬೇಕಾದ ಬಾಕಿಯೆಲ್ಲ ಕೊಟ್ಟು ಮುಗಿಸಬೇಕು. ಹಾಲಿನವರದ್ದು, ಪೇಪರ್ ಹುಡುಗನದ್ದು, ತೋಟಕ್ಕೆ ಬರುವವರ ಕೂಲಿ, ಟೈಲರಿನವರದ್ದು. ಜಾತ್ರೆ ಮುಗಿಸಿ ಬಂದು ಕೊಡ್ತೀನಿ ಅನ್ನುವ ಹಾಗಿಲ್ಲ. ಬಾಯಿ ಮಾತಿನ ಬಾಕಿಯೂ ಇದರಲ್ಲಿ ಸೇರುತ್ತದೆ, ಅದನ್ನು ತೀರಿಸುವುದು ಸ್ವಲ್ಪ ನಿಧಾನ. ಈ ವರ್ಷ ನನ್ನ ಪಟ್ಟಿಯಲ್ಲಿ ದೊಡ್ಡಪ್ಪನ ಮಗನ ಹೆಸರಿದೆ. ಬಾವಿಯ ನೀರಿನ ವಿಷಯದಲ್ಲಿ ಎರಡು ಮನೆಯವರ ನಡುವೆ ಮಾತು ನಿಂತಿದೆ. ಅವನ ಹೆಂಡತಿ ಮೊನ್ನೆ ದಾರಿಯಲ್ಲಿ ಸಿಕ್ಕಿ, ನೀವೇ ಒಮ್ಮೆ ಬಂದು ಮಾತಾಡಿ ಅಣ್ಣಾ ಅಂದಳು. ಶನಿವಾರ ಸಂಜೆ ಅವನು ಮನೆಯಲ್ಲಿರುತ್ತಾನಂತೆ. ಅಲ್ಲಿಗೆ ಹೋಗಿ ಬಂದ ಮೇಲೆಯೇ ಕಾರ್ಕಳದ ಬಸ್ಸು.