ಮ್ಯಾಡಿಸನ್ನಿನ ಹಿಮ್ಮೇಳದವರು

2008ರಲ್ಲಿ ನಾನು ಮ್ಯಾಡಿಸನ್ನಿಗೆ ಬಂದಾಗ, ಕಚೇರಿಗೆ ಹೋಗುವ ಬಸ್ಸು ಈಸ್ಟ್ ವಾಷಿಂಗ್‌ಟನ್ ಅವೆನ್ಯೂವಿನ 1254ನೆಯ ಸಂಖ್ಯೆಯ ಕಟ್ಟಡದ ಮುಂದೆ ಹಾದುಹೋಗುತ್ತಿತ್ತು. ಎರಡಂತಸ್ತಿನ ಇಟ್ಟಿಗೆ ಕಟ್ಟಡ, ಗೋದಾಮೆಂದುಕೊಂಡಿದ್ದೆ. ಎರಡು ವರ್ಷದ ಬಳಿಕ ಅದು ಮುಚ್ಚಿತು. ಆ ಸುದ್ದಿಯನ್ನು ಪಕ್ಕದ ಮೇಜಿನ ಸಹೋದ್ಯೋಗಿ ಮನೆಯ ಹಿರಿಯರು ತೀರಿಕೊಂಡಂತೆ ಹೇಳಿದಾಗಲೇ ಅದು ಸ್ಮಾರ್ಟ್ ಸ್ಟುಡಿಯೊ ಎಂಬ ಹಾಡುಗಳ ಧ್ವನಿಮುದ್ರಣಾಲಯ ಎಂದು ನನಗೆ ತಿಳಿದದ್ದು. ಆ ಸಂಜೆ ಎರಡು ಸ್ಟಾಪ್ ಮೊದಲೇ ಇಳಿದು, ಅದರ ಎದುರು ಸ್ವಲ್ಪ ಹೊತ್ತು ನಿಂತಿದ್ದೆ.

ವಿಸ್ಕಾನ್ಸಿನ್ ರಾಜ್ಯದ ಈ ರಾಜಧಾನಿ ಎರಡು ಕೆರೆಗಳ ನಡುವಿನ ಊರು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳ ಸಂಗೀತ ಉದ್ಯಮಕ್ಕೆ ಎಲ್ಲ ರೀತಿಯಲ್ಲೂ ದೂರ. ಆ ಸ್ಟುಡಿಯೊವನ್ನು 1983ರಲ್ಲಿ ಶುರುಮಾಡಿದವರು ಇಬ್ಬರು ಗೆಳೆಯರು, ಬುಚ್ ವಿಗ್ ಮತ್ತು ಸ್ಟೀವ್ ಮಾರ್ಕರ್. ವಿಗ್ ಹುಟ್ಟಿದ್ದು 1955ರಲ್ಲಿ, ಇದೇ ರಾಜ್ಯದ ವಿರೋಕ್ವಾ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗ ಆರು ವರ್ಷ ಪಿಯಾನೊ ಕಲಿತವರು, ಟಿವಿಯಲ್ಲಿ ‘ದ ಹೂ’ ಎಂಬ ಇಂಗ್ಲೆಂಡಿನ ರಾಕ್ ತಂಡವನ್ನು ನೋಡಿದ ಮೇಲೆ ಡ್ರಮ್ಸ್ ಹಿಡಿದರು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಇಲ್ಲಿಯೇ ಉಳಿದರು. ಸ್ಪೂನರ್, ಆಮೇಲೆ ಫೈರ್ ಟೌನ್ ಎಂಬ ಇಲ್ಲಿನ ತಂಡಗಳಲ್ಲಿ ಡ್ಯೂಕ್ ಎರಿಕ್ಸನ್ ಜೊತೆ ವರ್ಷಗಟ್ಟಲೆ ನುಡಿಸಿದರು. ಅವೆರಡೂ ದೊಡ್ಡ ಹೆಸರು ಮಾಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ವಿಗ್ ಅವರನ್ನು ಇಂಗ್ಲಿಷಿನಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. ‘ನಿರ್ಮಾಪಕ’ ಎಂದು ಬರೆದರೆ ನಮಗೆ ಸಿನಿಮಾಕ್ಕೆ ದುಡ್ಡು ಹಾಕುವವರು ನೆನಪಾಗುತ್ತಾರೆ. ಸಂಗೀತದ ಪ್ರೊಡ್ಯೂಸರ್ ಹಾಡುವವನ ಎದುರು ಕೂತು ಕೇಳುವವನು. ಯಾವ ವಾದ್ಯ ಹೇಗೆ ಕೇಳಿಸಬೇಕು, ಯಾವ ಸಾಲನ್ನು ಮತ್ತೊಮ್ಮೆ ಹಾಡಿಸಬೇಕು, ಎಲ್ಲಿ ಸಾಕೆನ್ನಬೇಕು ಎಂದು ತಿಳಿದವನು. ಇದಕ್ಕೆ ನನಗೆ ಸಿಕ್ಕಿದ ಹತ್ತಿರದ ಹೋಲಿಕೆ ಬ್ರಹ್ಮಾವರದ ನನ್ನ ಸೋದರಮಾವ. ಅವರು ಯಕ್ಷಗಾನದಲ್ಲಿ ಮೂವತ್ತು ವರ್ಷ ಮದ್ದಳೆ ಬಾರಿಸಿದವರು. ಆಟ ಶುರುವಾಗುವ ಮೊದಲು ವೇಷ ಕಟ್ಟುವ ಚೌಕಿಯಲ್ಲಿ ಮದ್ದಳೆಯನ್ನು ಕಿವಿಗೆ ಹತ್ತಿರ ಹಿಡಿದು ಬಾರು ಬಿಗಿಯುತ್ತಾ, ಹಾಡುವ ಭಾಗವತರ ಶ್ರುತಿ ಸೇರುವವರೆಗೆ ಯಾರ ಜೊತೆಗೂ ಮಾತನಾಡುತ್ತಿರಲಿಲ್ಲ. ಬೆಳಗಿನವರೆಗೂ ಜನರ ಕಣ್ಣು ವೇಷದ ಮೇಲೆಯೇ ಇರುತ್ತಿತ್ತು. ಮಾವನ ಕಣ್ಣು ವೇಷದ ಕಾಲಿನ ಮೇಲೆ, ಕಿವಿ ಭಾಗವತರ ಉಸಿರಿನ ಮೇಲೆ. ಬುಚ್ ವಿಗ್ ಮಾಡಿದ ಕೆಲಸಗಳನ್ನು ಕೇಳುವಾಗಲೆಲ್ಲ ನನಗೆ ಆ ಚೌಕಿ ನೆನಪಾಗುತ್ತದೆ.

ಮೊದಮೊದಲು ಅವರು ಧ್ವನಿಮುದ್ರಿಸಿಕೊಂಡದ್ದು ಮ್ಯಾಡಿಸನ್ನಿನ ಮತ್ತು ಸುತ್ತಲಿನ ಪಂಕ್ ತಂಡಗಳನ್ನು. ದುಡ್ಡಿಲ್ಲದ ಹುಡುಗರು, ಆಲ್ಬಮ್ಮೊಂದನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕಿತ್ತು. ಇದೇ ಊರಿನ ಕಿಲ್‌ಡೋಜರ್ ತಂಡಕ್ಕೆ ಅವರು ಮಾಡಿದ ಕೆಲಸ ಬೇರೆ ಊರುಗಳವರ ಕಿವಿಗೂ ಬಿತ್ತು. 1990ರ ಏಪ್ರಿಲ್‌ನಲ್ಲಿ ನಿರ್ವಾಣಾ ಎಂಬ ರಾಕ್ ತಂಡ ಸಿಯಾಟಲ್ ಕಡೆಯಿಂದ ಇಲ್ಲಿಗೆ ಬಂತು. ಅದೇ ವರ್ಷದ ಡಿಸೆಂಬರ್‌ನಿಂದ ಷಿಕಾಗೊದ ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ತಂಡ ತನ್ನ ಮೊದಲ ಆಲ್ಬಮ್ಮನ್ನು 20,000 ಡಾಲರ್ ಖರ್ಚಿನಲ್ಲಿ ಇದೇ ಕಟ್ಟಡದಲ್ಲಿ ಮುಗಿಸಿತು. 1991ರಲ್ಲಿ ನಿರ್ವಾಣಾದ ‘ನೆವರ್‌ಮೈಂಡ್’ ಬಂದು, ಮರುವರ್ಷದ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೈಕೆಲ್ ಜ್ಯಾಕ್ಸನ್ ಅವರ ಆಲ್ಬಮ್ಮನ್ನು ಇಳಿಸಿ ಮೊದಲ ಸ್ಥಾನಕ್ಕೆ ಏರಿತು. ಅದರ ಹೆಚ್ಚಿನ ಭಾಗ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ನಿಜ. ಆದರೆ ಅದರಲ್ಲಿರುವ ‘ಪಾಲಿ’ ಎಂಬ ಹಾಡು ನಮ್ಮ ಈಸ್ಟ್ ವಾಷಿಂಗ್‌ಟನ್ನಿನಲ್ಲಿ ಮುದ್ರಿಸಿದ್ದು, ಹಾಗೆಯೇ ಉಳಿದುಕೊಂಡಿತು.

ಆ ಆಲ್ಬಮ್ಮಿನ ಕೊನೆಯ ಹಾಡಿನ ಸಂಗತಿ ನನಗೆ ಬಹಳ ಇಷ್ಟ. ಇಡೀ ತಂಡ ಸೇರಿ ನುಡಿಸಿದರೆ ಹಾಡು ಕೂಡಿಬರುತ್ತಿರಲಿಲ್ಲ. ನಿರ್ವಾಣಾದ ಗಾಯಕ ಕರ್ಟ್ ಕೊಬೈನ್ ಒಳಗೆ ವಿಗ್ ಕೂರುವ ಕೋಣೆಗೇ ಬಂದು, ಸೋಫಾದಲ್ಲಿ ಒರಗಿ, ಗಿಟಾರಿನ ಮೇಲೆ ಕೈಯಾಡಿಸುತ್ತಾ ಪಿಸುಮಾತಿನಂತೆ ಹಾಡಿ ತೋರಿಸಿದರು: ಇದು ಹೀಗೆ ಇರಬೇಕು ಎಂದು. ವಿಗ್ ಅವರನ್ನು ಮೈಕಿನ ಕೋಣೆಗೆ ಎಬ್ಬಿಸಿ ಕಳಿಸಲಿಲ್ಲ. ಫ್ಯಾನ್ ನಿಲ್ಲಿಸಿ, ಫೋನ್ ಬಂದ್ ಮಾಡಿ, ಮೈಕನ್ನೇ ಸೋಫಾದ ಬಳಿಗೆ ತಂದರು. ಜೋರಾಗಿ ಬಾರಿಸುವುದೇ ಕಸುಬಾದವನಿಗೆ ಅಷ್ಟು ಮೆಲ್ಲಗಿನದ್ದು ಕೇಳಿಸಿತಲ್ಲ!

ಇಷ್ಟಾದ ಮೇಲೆ ಯಾರಾದರೂ ಊರು ಬಿಡುತ್ತಿದ್ದರು. ವಿಗ್ ಮುಂದೆ ಲಾಸ್ ಏಂಜಲೀಸಿಗೆ ಹೋದದ್ದು ಹೌದು, ಆದರೆ ಅದಕ್ಕೂ ಮೊದಲು ಮ್ಯಾಡಿಸನ್ನಿನಲ್ಲಿಯೇ ಹಳೆಯ ಗೆಳೆಯರಾದ ಮಾರ್ಕರ್ ಮತ್ತು ಎರಿಕ್ಸನ್ ಜೊತೆ ಗಾರ್ಬೇಜ್ ತಂಡ ಕಟ್ಟಿ ಮತ್ತೆ ಡ್ರಮ್ಸ್ ಹಿಂದೆ ಕುಳಿತರು. ಹಾಡಲು 1994ರಲ್ಲಿ ಸ್ಕಾಟ್‌ಲೆಂಡಿನಿಂದ ಶರ್ಲಿ ಮ್ಯಾನ್ಸನ್ ಬಂದರು. ಮೊದಲ ಪರೀಕ್ಷೆ ಚೆನ್ನಾಗಿ ಆಗಲಿಲ್ಲ. ಪರಊರು, ಪರಿಚಯವಿಲ್ಲದ ಮೂವರು, ಅವರದೇ ಕೋಣೆ. ಕೆಲಸಕ್ಕೆ ಸೇರಿದ ಮೊದಲ ವಾರ ಇಲ್ಲಿ ಸಭೆಯಲ್ಲಿ ಬಾಯಿ ಒಣಗಿ ಕೂತಿದ್ದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಆಕೆ ಮತ್ತೊಮ್ಮೆ ಅವಕಾಶ ಕೇಳಿದರು, ಅವರು ಕೊಟ್ಟರು. 1995ರಲ್ಲಿ ಬಂದ ಆ ತಂಡದ ಮೊದಲ ಆಲ್ಬಮ್ ಜಗತ್ತನ್ನೆಲ್ಲ ಸುತ್ತಿತು. 2010ರಲ್ಲಿ ಫೂ ಫೈಟರ್ಸ್ ತಂಡ ಕಂಪ್ಯೂಟರ್ ಬೇಡ, ಟೇಪೇ ಬೇಕು ಎಂದು ಹಟ ಹಿಡಿದು ಗ್ಯಾರೇಜಿನಲ್ಲಿ ಆಲ್ಬಮ್ ಮಾಡಿದಾಗಲೂ ಎದುರು ಕೂತವರು ವಿಗ್. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಹಳೆಯ ಕಸುಬು ಅವರ ಕೈಯಲ್ಲಿ ಇನ್ನೂ ಇತ್ತು.

ಆದರೆ ಈ ಊರಿನ ತಾಳವಾದ್ಯದ ಮಾತು ಅವರೊಬ್ಬರಲ್ಲಿ ಮುಗಿಯುವುದಿಲ್ಲ. 2009ರ ಚಳಿಗಾಲದ ಒಂದು ಸೋಮವಾರ ರಾತ್ರಿ, ಹಿಮ ಮೊಣಕಾಲುದ್ದ ಬಿದ್ದಿದ್ದಾಗ, ಅದೇ ಸಹೋದ್ಯೋಗಿ ನನ್ನನ್ನು ಪೇಟೆಯ ಸಣ್ಣ ಕ್ಲಬ್ಬೊಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಹೆಸರಾಂತ ಗಾಯಕ ಜೇಮ್ಸ್ ಬ್ರೌನ್ ಅವರ ತಂಡದಲ್ಲಿದ್ದವರು, 1970ರ ದಶಕದ ಆರಂಭದಿಂದ ಮ್ಯಾಡಿಸನ್ನಿನವರು. 1969ರಲ್ಲಿ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಅವರು ಒಬ್ಬರೇ ನುಡಿಸಿದ ಕೆಲವು ಸೆಕೆಂಡುಗಳ ತುಣುಕನ್ನು ಮುಂದೆ ಹಿಪ್‌ಹಾಪ್‌ನವರು ನೂರಾರು ಹಾಡುಗಳ ಅಡಿಗೆ ಹಾಸಿಕೊಂಡರು. ಕ್ಲೈಡ್ ಅವರಿಗೆ ಅದರಿಂದ ರಾಯಧನ ಬರಲಿಲ್ಲ. ಹಾಡಿನ ಹಕ್ಕು ಬರೆದವನೆಂದು ಹೆಸರಿದ್ದವನದು. ಬಾರಿಸಿದ ಪೆಟ್ಟಿಗೆ ಕಾನೂನಿನಲ್ಲಿ ಒಡೆಯನಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅವರಿಗೆ ಕ್ಯಾನ್ಸರ್ ಆದಾಗ ಸುಮಾರು 90,000 ಡಾಲರಿನ ಆಸ್ಪತ್ರೆ ಬಿಲ್ಲನ್ನು ಗಾಯಕ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರು. ಅದು ಜಗತ್ತಿಗೆ ಗೊತ್ತಾದದ್ದು 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ. ಮರುವರ್ಷ ಫೆಬ್ರುವರಿಯಲ್ಲಿ ಕ್ಲೈಡ್ ಕೂಡ ಹೋದರು. ಆ ಮೇ ತಿಂಗಳಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರ ಗೌರವ ಡಾಕ್ಟರೇಟ್ ಕೊಟ್ಟಿತು.

ಆ ವಾರ ಮಾವನಿಗೆ ಫೋನ್ ಮಾಡಿ ಆ ತುಣುಕನ್ನು ಕೇಳಿಸಿದೆ. ಮಾವನಿಗೆ ಆಗ ಎಪ್ಪತ್ತೆರಡು. ಆಟಕ್ಕೆ ಹೋಗುವುದನ್ನು ನಿಲ್ಲಿಸಿದ್ದರು. ಎರಡನೆಯ ಸಲ ಕೇಳಿದ ಮೇಲೆ ಹೇಳಿದರು, “ದೊಡ್ಡ ಪೆಟ್ಟನ್ನು ಬಿಡು. ನಡುವೆ ಎಡಗೈಯಲ್ಲಿ ಸಣ್ಣಸಣ್ಣದಾಗಿ ಏನೋ ಹಾಕುತ್ತಿದ್ದಾರಲ್ಲ, ಕೇಳಿಯೂ ಕೇಳಿಸದ ಹಾಗೆ. ಆಟವಿರುವುದೇ ಅದರಲ್ಲಿ.” ಇಲ್ಲಿನ ಡ್ರಮ್ಮರ್‌ಗಳು ವರ್ಷಗಟ್ಟಲೆ ಕೂತು ಅಭ್ಯಾಸ ಮಾಡುವುದೂ ಅದನ್ನೇ.

“ಹಾಡುವವರು ಯಾರು?” ಎಂದರು. ಜೇಮ್ಸ್ ಬ್ರೌನ್ ಎಂದೆ.

“ಭಾಗವತರ ಹೆಸರು ಹೇಗೂ ಉಳಿಯುತ್ತದೆ. ಬಾರಿಸಿದವರ ಹೆಸರು ಇನ್ನೊಮ್ಮೆ ಹೇಳು, ನಿಧಾನಕ್ಕೆ ಹೇಳು. ಬರೆದುಕೊಳ್ಳುತ್ತೇನೆ.”

ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ತುದಿಯಲ್ಲಿ ಪೆನ್ಸಿಲ್ಲು ಕಾಗದದ ಮೇಲೆ ಓಡುವುದು ಕೇಳಿಸುತ್ತಿತ್ತು.